ಮುಚ್ಚಿದ ಕದದೊಳಗೆ ಬಂದ ಪ್ರಭು



ಪಾಸ್ಖ ಕಾಲದ ಶುಭಸಂದೇಶದಲ್ಲಿ ಒಂದು ಮುಚ್ಚಿದ ಬಾಗಿಲಿದೆ. ಶಿಷ್ಯರು ಭಯದಿಂದ ಕದವಿಕ್ಕಿಕೊಂಡು ಕುಳಿತಿದ್ದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ಪುನರುತ್ಥಾನರಾದ ಪ್ರಭು ಕದ ತೆರೆಯಲೆಂದು ಹೊರಗೆ ಕಾಯಲಿಲ್ಲ. ಒಳಗೇ ಬಂದು, ಅವರ ನಡುವೆ ನಿಂತು, ಶಾಂತಿಯನ್ನು ಹಾರೈಸಿದರು. ವರ್ಷ ವರ್ಷವೂ ಕೇಳುತ್ತಿದ್ದ ಈ ಮಾತಿನ ಆಳ ನಮಗೆ ತಿಳಿದದ್ದು 2020ರಲ್ಲಿ.

ಆ ವರ್ಷದ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆಯಿತು. ಅಂದೇ ಯುಗಾದಿ, ಅಂದೇ ಗಬ್ರಿಯೇಲ ದೂತನು ಮಾತೆ ಮರಿಯಮ್ಮನವರಿಗೆ ಶುಭವಾರ್ತೆ ತಂದ ಹಬ್ಬ. ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿಯ ಸುಗ್ಗಿ. ಹಮಾಲರಿಗೂ, ತೊಟ್ಟು ಬಿಡಿಸುವ ತಾಯಂದಿರಿಗೂ ಅಂದಂದಿನ ಕೂಲಿ ನಿಂತಿತು. ಹಾವೇರಿ, ರಾಣೇಬೆನ್ನೂರು ನಿಲ್ದಾಣಗಳಲ್ಲಿ ಪ್ರಯಾಣಿಕರ ರೈಲು ನಿಲ್ಲದಾಯಿತು. ಏಪ್ರಿಲ್ 5ರ ಗರಿಗಳ ಭಾನುವಾರ ಗರಿಗಳ ಮೆರವಣಿಗೆಯಿಲ್ಲ. ಏಪ್ರಿಲ್ 12ರ ಪಾಸ್ಖ ಹಬ್ಬಕ್ಕೆ ಭಕ್ತಾದಿಗಳಿಲ್ಲ. ಗುರುಗಳು ಬರಿದಾದ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸಿದರು. ಕುಟುಂಬಗಳು ಮೊಬೈಲಿನ ಮುಂದೆ ಮೊಣಕಾಲೂರಿದವು.

ಆಗ ಅನೇಕರ ಬಾಯಲ್ಲಿ ಒಂದು ಪ್ರಶ್ನೆಯಿತ್ತು: ವಿಶ್ವಾಸವಿರುವವರು ದೇವಾಲಯದ ಬಾಗಿಲು ಮುಚ್ಚಬಹುದೇ? ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರವನ್ನು ಧರ್ಮಸಭೆಯ ಮತ್ತು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಹುಡುಕೋಣ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಾದಿಯಲ್ಲಿ ನಮ್ಮ ಕಡೆಗೂ ನಡೆದು ಬಂತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಂದು ಇದೆಲ್ಲ ಧಾರವಾಡ ಜಿಲ್ಲೆ. 1898ರಲ್ಲಿ ಹುಬ್ಬಳ್ಳಿ ಪ್ಲೇಗಿಗೆ ತತ್ತರಿಸಿತು. ಇಲಿ ಬಿದ್ದರೆ ಊರು ಬಿಡಬೇಕು ಎಂಬುದು ನಮ್ಮ ಭಾಗದ ಹಿರಿಯರಿಂದ ಬಂದ ಮಾತು. ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಜನ ದಿನ ಕಳೆದರು. ಅವರು ದೇವರನ್ನು ಊರಲ್ಲಿ ಬಿಟ್ಟು ಹೋಗಲಿಲ್ಲ; ದೇವರೂ ಅವರನ್ನು ಹೊಲದಲ್ಲಿ ಕೈಬಿಡಲಿಲ್ಲ. ಅದೇ ವರ್ಷ ಹುಬ್ಬಳ್ಳಿಯಲ್ಲಿ, ಹಿಂದಿನ ವರ್ಷ ವಿಜ್ಞಾನಿ ಹಾಫ್‌ಕಿನ್ ಸಿದ್ಧಪಡಿಸಿದ್ದ ಪ್ಲೇಗಿನ ಲಸಿಕೆಯನ್ನು 30 ಸಾವಿರಕ್ಕೂ ಮಿಗಿಲಾದ ಜನ ಹಾಕಿಸಿಕೊಂಡರು. ಹಾಫ್‌ಕಿನ್ ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡು ನೋಡಿದ್ದರು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದಾರೆ ಎಂಬುದು ಸಿರಾಖನ ಗ್ರಂಥದ ಬೋಧನೆ. 2021ರಲ್ಲಿ ಲಸಿಕೆಗೆ ಅಂಜಿ ಹಿಂಜರಿದ ನಮ್ಮವರಿಗೆ ಹುಬ್ಬಳ್ಳಿಯ ಆ ಜನರೇ ಒಳ್ಳೆಯ ಸಾಕ್ಷಿಗಳು.

ಮಂಗಳೂರಿನತ್ತ ನೋಡಿರಿ. ಯೇಸುಸಭೆಯ ವಂದನೀಯ ಆಗಸ್ಟಸ್ ಮುಲ್ಲರ್‌ರವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಊರು ದೂರವಿಟ್ಟ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. ಅವರ ಬಳಿ ಪ್ರಾರ್ಥನೆ ಬೇರೆ, ಔಷಧಿ ಬೇರೆ ಎಂಬ ಲೆಕ್ಕವಿರಲಿಲ್ಲ.

ಇನ್ನೂ ಹಿಂದೆ ಹೋದರೆ 1576ರ ಮಿಲಾನ್ ನಗರ. ಪ್ಲೇಗಿನಿಂದಾಗಿ ಜನ ಮನೆಯೊಳಗೇ ಇರಬೇಕಾಯಿತು. ಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೋರವರು ರೋಗಿಗಳನ್ನು ತಾವೇ ಸಂದರ್ಶಿಸಿದರು. ಜನರನ್ನು ದೇವಾಲಯದೊಳಗೆ ಗುಂಪುಗೂಡಿಸುವ ಬದಲು ಬೀದಿ ಕೂಡುವ ಕಡೆ ಪೀಠಗಳನ್ನು ಇರಿಸಿ, ಕಿಟಕಿಯಿಂದಲೇ ಬಲಿಪೂಜೆ ಕಾಣುವಂತೆ ಮಾಡಿದರು. ಜನ ದೇವಾಲಯಕ್ಕೆ ಬರಲಾಗದಿದ್ದಾಗ ದೇವಾಲಯವೇ ಬೀದಿಗೆ ಬಂತು. ನೆರೆಯವರ ಪ್ರಾಣಕ್ಕಾಗಿ ಮನೆಯಲ್ಲಿ ಉಳಿಯುವುದು ಅವಿಶ್ವಾಸವಲ್ಲ, ಅದೂ ಪ್ರೀತಿಯ ಒಂದು ಕಾರ್ಯವೆಂದು ಇದರಿಂದ ಕಲಿಯುತ್ತೇವೆ.

2020ರ ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಚೌಕದಲ್ಲಿ ವಿಶ್ವಗುರು ಫ್ರಾನ್ಸಿಸರು ಒಂಟಿಯಾಗಿ ನಿಂತದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. 2025ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಅವರು ಅಂದು ಬಿರುಗಾಳಿಯ ದೋಣಿಯ ಪ್ರಸಂಗವನ್ನು ಧ್ಯಾನಿಸಿದರು. ಅಲ್ಲಿ ಇರಿಸಿದ್ದ ಶಿಲುಬೆ 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆಯಾದ ಶಿಲುಬೆ. ಐದು ಶತಮಾನ ಕಳೆದರೂ ಅದೇ ಶಿಲುಬೆಯ ಕೆಳಗೆ ಅದೇ ಮೊರೆ!

ಆದರೆ ಪ್ರಿಯರೇ, ಭರವಸೆಯೆಂದರೆ ಸಾವು ನಮ್ಮ ಮನೆಗೆ ಬಾರದು ಎಂಬ ಧೈರ್ಯವಲ್ಲ. 2020ರ ಜೂನ್ 8ರಿಂದ ಆರಾಧನಾ ಸ್ಥಳಗಳನ್ನು ತೆರೆಯಲು ಅನುಮತಿ ದೊರೆತಾಗ ಎಲ್ಲವೂ ಮುಗಿಯಿತೆಂದುಕೊಂಡೆವು. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆ ಆ ಎಣಿಕೆಯನ್ನು ಸುಳ್ಳಾಗಿಸಿತು. ಜಪಸರ ಹಿಡಿದವರೂ ಹೋದರು, ಹಿಡಿಯದವರೂ ಹೋದರು. ಮಕ್ಕಳು ತಂದೆಯ ಮುಖ ಕಾಣದೆ ಮಣ್ಣು ಕೊಟ್ಟರು. ಆ ಗಾಯಕ್ಕೆ ಸುಲಭದ ಮಾತುಗಳಿಲ್ಲ. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲಿಯೂ ಮೊಳೆಯ ಗಾಯಗಳು ಉಳಿದೇ ಇದ್ದವು. ಅವನ್ನೇ ಅವರು ತೋಮನಿಗೆ ತೋರಿಸಿದರು. ಗಾಯ ಉಳಿದಿದ್ದರೂ ಜೀವ ಗೆದ್ದಿದೆ ಎಂಬುದೇ ನಮ್ಮ ಭರವಸೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಮ್ಮ ಮನೆಗಳಲ್ಲಿ ಅದು ಮುಗಿದಿದೆಯೇ? ದುಡಿಯುವವರನ್ನು ಕಳೆದುಕೊಂಡ ಮನೆಗಳಿವೆ. ಅಂದು ನಿಲ್ಲಿಸಿದ ಭಾನುವಾರದ ಪೂಜೆಗೆ ಇಂದಿಗೂ ಮರಳದವರಿದ್ದಾರೆ. ಲಾಕ್‌ಡೌನಿನಲ್ಲಿ ಪ್ರತಿ ಸಂಜೆ ಕೂಡಿ ಜಪಸರ ಹೇಳಿದ ಕುಟುಂಬಗಳೇ, ಬಾಗಿಲು ತೆರೆದ ಮೇಲೆ ಆ ಪ್ರಾರ್ಥನೆ ಎಲ್ಲಿ ಹೋಯಿತು? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ನಾವು ಕೆಲವೇ ಮಂದಿ. ಒಬ್ಬರು ಬಾರದಿದ್ದರೂ ಬೆಂಚು ಹೇಳುತ್ತದೆ.

ಆದುದರಿಂದ ಈ ಪಾಸ್ಖ ಕಾಲದಲ್ಲಿ ಎರಡು ಕೆಲಸ ಮಾಡೋಣ. ಆ ಎರಡು ವರ್ಷಗಳಲ್ಲಿ ಅಗಲಿದವರ ಹೆಸರುಗಳನ್ನು ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಒಂದೊಂದಾಗಿ ಹೇಳೋಣ. ಮರಳಿ ಬಾರದ ಒಂದು ಮನೆಯ ಕದವನ್ನಾದರೂ ತಟ್ಟೋಣ. ಅವರು ಪೂಜೆಗೆ ಬರಲಿ ಎಂದು ಒತ್ತಾಯಿಸಲು ಅಲ್ಲ. ಪ್ರಭು ಮಾಡಿದಂತೆ ಅವರ ನಡುವೆ ಹೋಗಿ ಕುಳಿತು, ಶಾಂತಿ ಹಾರೈಸಲು.

ಮುಚ್ಚಿದ ಕದದೊಳಗೂ ಬರುವ ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ. ಆಮೆನ್.