ಎದೆಯುರಿ, ಹುಳಿತೇಗು: ಓಡಾಟದ ಬದುಕಿನಲ್ಲಿ ನಿಭಾಯಿಸುವ ಬಗೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಊಟದ ರುಚಿಯನ್ನು ಊರಿನಿಂದ ತಂದೆವು. ಊಟದ ವೇಳೆಯನ್ನು ಮಾತ್ರ ರೈಲಿಗೆ ಒಪ್ಪಿಸಿದೆವು. ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ವರೆಗೆ 50 ಕಿ.ಮೀ.ಗೂ ಮಿಕ್ಕಿದ ದಾರಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ, ಸಂಜೆ ಸ್ಟೇಷನ್ನಿನ ಹೊರಗೆ ವಡಾಪಾವ್, ರಾತ್ರಿ ಹತ್ತರ ಮೇಲೆ ಹೊಟ್ಟೆ ತುಂಬ ಊಟ, ಕೈ ತೊಳೆದ ಕೂಡಲೇ ಹಾಸಿಗೆ. ಐರೋಲಿ, ಮಹಾಪೆಯ ಕಂಪನಿಗಳಲ್ಲಿ ರಾತ್ರಿಪಾಳಿ ಮಾಡುವವರಿಗೆ ಇಷ್ಟು ಕ್ರಮವೂ ಇಲ್ಲ. ಹೀಗೆ ವರ್ಷಗಟ್ಟಲೆ ನಡೆದಾಗ ಎದೆಯುರಿ ಮನೆಯ ಕಾಯಂ ಅತಿಥಿಯಾಗುತ್ತದೆ.

ಉರಿ ಏಕೆ?

ಅನ್ನನಾಳವು ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಕವಾಟವಿದೆ. ಆಹಾರ ಕೆಳಗಿಳಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಅದು ಸಡಿಲವಾದರೆ ಅಥವಾ ಹೊಟ್ಟೆಯ ಒತ್ತಡ ಹೆಚ್ಚಿದರೆ ಜಠರದ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ಜಠರದ ಒಳಪದರಕ್ಕೆ ಆಮ್ಲವನ್ನು ತಾಳುವ ರಕ್ಷಣೆಯಿದೆ, ಅನ್ನನಾಳಕ್ಕೆ ಅಷ್ಟಿಲ್ಲ. ಆದುದರಿಂದಲೇ ಉರಿ. ಬೊಜ್ಜು, ಗರ್ಭಾವಸ್ಥೆ, ಧೂಮಪಾನ, ಮದ್ಯಪಾನ ಇದಕ್ಕೆ ನೆರವಾಗುತ್ತವೆ. ಗಂಟಲು ಕೆರೆತ, ರಾತ್ರಿಯ ಒಣಕೆಮ್ಮು, ಬೆಳಗಿನ ಒಡಕು ಸ್ವರಗಳಿಗೂ ಕೆಲವೊಮ್ಮೆ ಇದೇ ಮೂಲ.

ವೇಳೆಯೇ ಮೊದಲ ಮದ್ದು

ಊಟಕ್ಕೂ ನಿದ್ರೆಗೂ ನಡುವೆ ಎರಡು-ಮೂರು ಗಂಟೆಗಳ ಅಂತರವಿರಬೇಕೆಂಬುದು ವೈದ್ಯರ ಸಲಹೆ. ಮನೆ ಸೇರುವಾಗಲೇ ಹತ್ತಾಗುವವರಿಗೆ ಇದು ಹೇಗೆ ಸಾಧ್ಯ? ಊಟವನ್ನು ಎರಡಾಗಿ ಹಂಚುವುದೊಂದು ಉಪಾಯ. ಸಂಜೆ ಆಫೀಸಿನಿಂದ ಹೊರಡುವ ಮುನ್ನ ಡಬ್ಬಿಯಲ್ಲಿ ಒಯ್ದ ಚಪಾತಿ-ಪಲ್ಯ ಅಥವಾ ಉಪ್ಪಿಟ್ಟು ತಿಂದರೆ, ರಾತ್ರಿಗೆ ಗಂಜಿಯೋ ಮೆದು ಅನ್ನವೋ ಸ್ವಲ್ಪವೇ ಸಾಕು. ಆಗ ವಡಾಪಾವ್‌ನ ಸೆಳೆತವೂ ತಗ್ಗುತ್ತದೆ.

ಮಂಚದ ತಲೆಭಾಗದ ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಗಟ್ಟಿಯಾದ ಮರದ ತುಂಡುಗಳನ್ನಿಡುವುದು ಹಿತಕರ. ದಿಂಬುಗಳನ್ನು ಪೇರಿಸಿದರೆ ಕತ್ತು ಮಾತ್ರ ಬಾಗಿ ಹೊಟ್ಟೆ ಮಡಚಿಕೊಳ್ಳುವುದರಿಂದ ಪ್ರಯೋಜನ ಕಡಿಮೆ. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು. ಬಿಗಿಯಾದ ಬೆಲ್ಟು ಸಡಿಲಿಸುವುದು, ಹೆಚ್ಚಿದ ತೂಕವನ್ನು ಇಳಿಸುವುದು ಸಹ ಚಿಕಿತ್ಸೆಯ ಭಾಗಗಳೇ.

ಪಥ್ಯ

ಎಲ್ಲರಿಗೂ ಒಂದೇ ಪಥ್ಯವಿಲ್ಲ. ಒಬ್ಬರಿಗೆ ಹುಣಸೆಹುಳಿಯ ಸಾರು ಆಗದು, ಮತ್ತೊಬ್ಬರಿಗೆ ಕೆಂಪು ಖಾರದ ರಂಜಕ, ಇನ್ನೊಬ್ಬರಿಗೆ ಕಾಫಿ. ಎರಡು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟರೆ ನಮ್ಮ ಶತ್ರು ಯಾರೆಂದು ತಿಳಿಯುತ್ತದೆ, ಅದನ್ನಷ್ಟೇ ಬಿಟ್ಟರಾಯಿತು. ಕರಿದ ತಿಂಡಿ ಮತ್ತು ಅತಿಯಾದ ಜಿಡ್ಡು ಬಹುಮಂದಿಗೆ ಒಗ್ಗುವುದಿಲ್ಲ. ತಣ್ಣನೆಯ ಹಾಲು ಕ್ಷಣಿಕ ಶಮನ ನೀಡಿದರೂ ಮತ್ತೆ ಆಮ್ಲವನ್ನು ಪ್ರಚೋದಿಸಬಲ್ಲದು. ಅಡುಗೆಸೋಡಾದ ಪರಿಹಾರದಲ್ಲಿ ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡ ಉಳ್ಳವರು ಅದನ್ನು ರೂಢಿ ಮಾಡಿಕೊಳ್ಳಬಾರದು.

ಮಾತ್ರೆಗಳ ವಿಚಾರ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದವನ್ನು ಸಾಮಾನ್ಯವಾಗಿ ಬೆಳಗಿನ ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಸೇವಿಸಬೇಕು. ಊಟವಾದ ಮೇಲೆ ನುಂಗಿದರೆ ಫಲ ಕಡಿಮೆ. ವೈದ್ಯರನ್ನು ಕಾಣದೆ ವರ್ಷಗಟ್ಟಲೆ ಮುಂದುವರಿಸುವುದು ಸಲ್ಲದು. ದೀರ್ಘಕಾಲದ ಬಳಕೆಯಲ್ಲಿ ಬಿ-12 ಜೀವಸತ್ವ ಮತ್ತು ಮೆಗ್ನೀಸಿಯಂ ಕುಂದುವ ಸಾಧ್ಯತೆಯಿದೆ. ಹಠಾತ್ತನೆ ನಿಲ್ಲಿಸಿದರೆ ಕೆಲಕಾಲ ಉರಿ ಮರುಕಳಿಸಬಹುದಾದುದರಿಂದ, ಬಿಡುವ ಕ್ರಮವನ್ನೂ ವೈದ್ಯರಿಂದಲೇ ತಿಳಿಯಬೇಕು. ಹಿಂದೆ ಮನೆಮಾತಾಗಿದ್ದ ರಾನಿಟಿಡಿನ್ ಮಾತ್ರೆಯನ್ನು, ಅದರಲ್ಲಿ ಕಂಡುಬಂದ ಕಲ್ಮಶದ ಕಾರಣ, ಅಮೆರಿಕವು 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ಭಾರತದ ಅತ್ಯಗತ್ಯ ಔಷಧಗಳ ಪಟ್ಟಿಯಿಂದ ಅದು 2022ರಲ್ಲಿ ಹೊರಬಿದ್ದಿತು. ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗುವವರು ಇದನ್ನು ಗಮನಿಸಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳೂ ಜಠರವನ್ನು ಕೆಣಕುತ್ತವೆ.

‘ಗ್ಯಾಸ್’ ಎಂದು ಕೂರಬೇಡಿ

ಎದೆಯಲ್ಲಿ ಭಾರ ಹೇರಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು, ಏದುಸಿರು ಬಂದರೆ ಅದು ಹೃದಯಾಘಾತವಿರಬಹುದು. ಮಹಿಳೆಯರಲ್ಲೂ ಮಧುಮೇಹಿಗಳಲ್ಲೂ ಮೇಲ್ಹೊಟ್ಟೆಯ ಉರಿ, ವಾಕರಿಕೆ, ಸುಸ್ತು ಇಷ್ಟೇ ಕಾಣಿಸಬಹುದು. ಸೋಡಾ ಕುಡಿದು ಕಾಯುತ್ತ ಕುಳಿತರೆ ಅಮೂಲ್ಯವಾದ ಸಮಯ ಕೈಜಾರುತ್ತದೆ. ತಕ್ಷಣ 108ಕ್ಕೆ ಕರೆ ಮಾಡಬೇಕು. ರೈಲಿನಲ್ಲಿದ್ದರೆ ಸಹಪ್ರಯಾಣಿಕರಿಗೆ ತಿಳಿಸಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸ್ಟೇಷನ್ ಮಾಸ್ಟರರ ನೆರವು ಕೇಳಬೇಕು. ರೈಲ್ವೆಯ ಸಹಾಯವಾಣಿ 139. ಇ.ಸಿ.ಜಿ. ಮಾಡಿಸಿದ ಮೇಲೆ ಅದು ಬರಿಯ ಆಮ್ಲವೆಂದು ತಿಳಿದರೆ ಸಂತೋಷವೇ; ನಾಚಿಕೆಪಡಬೇಕಾದ್ದಿಲ್ಲ.

ನುಂಗುವಾಗ ತಡೆ, ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವೂ ಅಪಾಯದ ಸೂಚನೆಗಳು. ರಕ್ತವಾಂತಿ, ಕಪ್ಪು ಮಲಗಳಿಗೆ ಕೂಡಲೇ ಆಸ್ಪತ್ರೆ ಸೇರಬೇಕು. ಉಳಿದವುಗಳಿಗೆ ತಡಮಾಡದೆ ತಜ್ಞರನ್ನು ಕಂಡು, ಅವರು ಹೇಳಿದರೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು.

ರೈಲಿನ ವೇಳಾಪಟ್ಟಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಸಂಜೆಯ ಡಬ್ಬಿಯೊಂದನ್ನು ಕಟ್ಟಿಕೊಳ್ಳುವುದು ಖಂಡಿತ ಇದೆ. ಅಲ್ಲಿಂದಲೇ ಆರಂಭಿಸೋಣ.