ಟೈಲ್ಸ್ ಸಂದಿ ತುಂಬುವ ಕೂಲಿ

ಮನೆಯ ನೆಲಕ್ಕೆ, ಬಚ್ಚಲು ಗೋಡೆಗೆ ಕೂಡಿಸಿದ ಟೈಲ್ಸ್‌ಗಳ ನಡುವಿನ ಸಂದಿಗೆ ಗ್ರೌಟ್ ತುಂಬಿಸಲು ಕೊಡುವ ಹಣ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇದು ಗೌಂಡಿಗಳ, ಫರಸಿ ಕೂಡಿಸುವವರ ಕೆಲಸ. ಹೊಸ ಮನೆಯಲ್ಲಿ ಚದರ ಅಡಿಯ ಗುತ್ತಿಗೆಯೊಳಗೇ ಇದೂ ಸೇರಿರುತ್ತದೆ. ದುರಸ್ತಿಗೆ ದಿನದ ಪಗಾರ. ಬಚ್ಚಲೊಂದರ ಕೆಲಸ ಅರ್ಧ ದಿನಕ್ಕೆ ಮುಗಿದರೂ ಪೂರ್ತಿ ಪಗಾರ ಕೊಡುವುದೇ ನ್ಯಾಯ, ಮಧ್ಯಾಹ್ನದ ಮೇಲೆ ಅವರಿಗೆ ಬೇರೆ ಕೆಲಸ ಸಿಗುವುದು ಕಷ್ಟ.

ಖರ್ಚು ನಿಂತಿರುವುದು ಕೋಣೆಯ ಅಳತೆಗಿಂತ ಸಂದಿಯ ಉದ್ದದ ಮೇಲೆ. 10 ಅಡಿಗೆ 12 ಅಡಿಯ ಕೋಣೆಗೆ 2 ಅಡಿಯ ಚೌಕ ಟೈಲ್ಸ್ ಹಾಕಿದರೆ ಒಳಸಂದಿ 98 ಅಡಿ. 1 ಅಡಿಯವಾದರೆ 218 ಅಡಿ. ಸಂದಿ 3 ಮಿ.ಮೀ. ಅಗಲವಿದ್ದರೆ ಮೊದಲನೆಯದಕ್ಕೆ ಸುಮಾರು ಒಂದೂವರೆ ಕಿಲೊ, ಎರಡನೆಯದಕ್ಕೆ ಮೂರು ಕಿಲೊ ಸಿಮೆಂಟ್ ಗ್ರೌಟ್ ಸಾಕು. ಮಾಲು ಇಷ್ಟೇ, ಉಳಿದದ್ದೆಲ್ಲ ಕೈಕೆಲಸ. ಹಳೆ ಸಂದಿಯನ್ನು ಟೈಲ್ಸಿನ ಅಂಚು ಚಕ್ಕೆ ಏಳದಂತೆ ಕೆದರುವುದಕ್ಕೆ ತುಂಬುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆಮೇಲೆ ಧೂಳು ತೆಗೆದು, ರಬ್ಬರ್ ಪಟ್ಟಿಯಿಂದ ಗ್ರೌಟನ್ನು ಓರೆಯಾಗಿ ಒತ್ತಿ, ಹಿಂಡಿದ ಸ್ಪಂಜಿನಿಂದ ಒರೆಸುತ್ತಾರೆ. ಎಪಾಕ್ಸಿ ಗ್ರೌಟಿಗೆ ಮಾಲೂ ದುಬಾರಿ, ಕೂಲಿಯೂ ಹೆಚ್ಚು: ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಒರೆಸುವುದು ತಡವಾದರೆ ಟೈಲ್ಸ್ ಮೇಲೆ ಪೊರೆ ಉಳಿಯುತ್ತದೆ. ಆದರೂ ಬಚ್ಚಲಿಗೆ, ಅಡುಗೆ ಕಟ್ಟೆಗೆ ಅದೇ ಒಳ್ಳೆಯದು.

ಈ ಭಾಗದ ಹಳೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಫರಸಿ ಇದೆ. ಅದರ ಅಗಲ ಸಂದಿಗೆ ಮಾಲು ಹೆಚ್ಚು ಬೇಕು.

ಹಲವೆಡೆ ಬೋರಿನ ನೀರು ಸವಳು. ಅದರಲ್ಲಿ ಕಲಸಿದ ಗ್ರೌಟ್ ಒಣಗಿದಾಗ ಬಿಳಿ ಉಪ್ಪು ಹೊರಹಾಕುತ್ತದೆ. ಗೌಂಡಿ ಒಂದು ಬಕೆಟ್ ಸಿಹಿನೀರು ಕೇಳಿದರೆ ಕೊಡಬೇಕು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಸಿಮೆಂಟ್ ಸಂದಿಗೆ ಆಗಾಗ ನೀರು ಚಿಮುಕಿಸದಿದ್ದರೆ ಪುಡಿಪುಡಿಯಾಗಿ ಏಳುತ್ತದೆ. ಎರೆಮಣ್ಣಿನ ಮೇಲಿನ ಮನೆಗಳದು ಬೇರೆಯೇ ಪಾಡು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಆ ನೆಲ ಸಂದಿಯನ್ನು ಮತ್ತೆ ಮತ್ತೆ ಬಿರಿಯಿಸುತ್ತದೆ. ಕೂಲಿ ಮಾತಾಡುವ ಮೊದಲೇ ಕರಣೆಯ ಹಿಡಿಕೆಯಿಂದ ಟೈಲ್ಸ್ ತಟ್ಟಿಸಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅದನ್ನು ಎಬ್ಬಿಸಿ ಮತ್ತೆ ಕೂಡಿಸದೆ ಸಂದಿ ತುಂಬಿಸುವುದು ದಂಡ.

ಕೆದರುವ ಕೆಲಸ ಒಪ್ಪಿದ ಕೂಲಿಯಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿ, ಬರೆದಿಟ್ಟುಕೊಳ್ಳಿ.