ಉಗಿಕೊಳವೆಗಳಲ್ಲಿ ಬೆಸುಗೆಯ ಕವಲು ಜೋಡಣೆ: ಬಾಯ್ಲರು ಮಾಲೀಕರಿಗೆ ಮಾಹಿತಿ

ಪೀಠಿಕೆ:
ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಶ್ರಮದಾನದಿಂದ ಕೃಷ್ಣಾ ನದಿಗೆ ಬ್ಯಾರೇಜು ನಿರ್ಮಿಸಿದ್ದು, ಇದರಿಂದ ಸುತ್ತಲಿನ ಜಮೀನುಗಳಿಗೆ ನೀರು ದೊರೆತು ಕಬ್ಬಿನ ಬೆಳೆಗೆ ಅನುಕೂಲವಾಯಿತು. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸಿ ಉಗಿಯನ್ನು ಉತ್ಪಾದಿಸಲಾಗುತ್ತದೆ. ಹಂಗಾಮು ಮುಗಿದ ನಂತರದ ದುರಸ್ತಿ ಕಾಲದಲ್ಲಿ ಹೊಸ ಯಂತ್ರಕ್ಕೆ ಉಗಿ ಒದಗಿಸಲು ಮುಖ್ಯ ಕೊಳವೆಗೆ ಕವಲು ಸೇರಿಸುವುದು ಸಾಮಾನ್ಯ. ಈ ಕಾಮಗಾರಿಯಲ್ಲಿ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಉಗಿಕೊಳವೆ ಎಂದರೆ:
ಪ್ರತಿ ಚದರ ಸೆಂ.ಮೀ.ಗೆ 3.5 ಕಿ.ಗ್ರಾಂ. ಮೀರಿದ ಒತ್ತಡದ ಉಗಿ ಹರಿಯುವ ಕೊಳವೆ. ಅಥವಾ ಒಳವ್ಯಾಸ 254 ಮಿ.ಮೀ. ಮೀರಿದ್ದು, ಒತ್ತಡ 1 ಕಿ.ಗ್ರಾಂ. ಮೀರಿದ ಕೊಳವೆ. ಈ ಒತ್ತಡಗಳನ್ನು ವಾತಾವರಣದ ಒತ್ತಡಕ್ಕಿಂತ ಮೇಲ್ಪಟ್ಟು ಎಣಿಸತಕ್ಕದ್ದು.

ಕವಲಿನಿಂದ ಬಲ ಕುಂದುವ ಬಗೆ:
ಉಗಿಯ ಒತ್ತಡವು ಕೊಳವೆಯ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಎಳೆಯುತ್ತದೆ. ಕವಲಿಗಾಗಿ ರಂಧ್ರ ಕೊರೆದಾಗ ಈ ಎಳೆತವನ್ನು ತಡೆಯುತ್ತಿದ್ದ ಲೋಹವೇ ಇಲ್ಲವಾಗುತ್ತದೆ. ತೆಗೆದ ಲೋಹದಷ್ಟನ್ನು ರಂಧ್ರದ ಸಮೀಪದಲ್ಲಿಯೇ ತುಂಬಿಕೊಡಬೇಕು ಎಂಬುದು ಲೆಕ್ಕದ ಮೂಲ ತತ್ವ.

ಉದಾಹರಣೆ (ಸವಕಳಿ ಮತ್ತು ತಯಾರಿಕೆಯ ವ್ಯತ್ಯಾಸವನ್ನು ಕಳೆದ ನಂತರದ ದಪ್ಪಗಳು):
1. ಮುಖ್ಯ ಕೊಳವೆಗೆ ಬೇಕಾದ ದಪ್ಪ 5 ಮಿ.ಮೀ., ಇರುವ ದಪ್ಪ 8 ಮಿ.ಮೀ., ರಂಧ್ರದ ವ್ಯಾಸ 100 ಮಿ.ಮೀ. ತುಂಬಬೇಕಾದ ಲೋಹ: 500 ಚದರ ಮಿ.ಮೀ.
2. ರಂಧ್ರದ ಎರಡೂ ಬದಿ 50 ಮಿ.ಮೀ. ಒಳಗೆ ಮುಖ್ಯ ಕೊಳವೆಯಲ್ಲಿರುವ ಹೆಚ್ಚುವರಿ ಲೋಹ: 300 ಚದರ ಮಿ.ಮೀ.
3. ಕವಲಿಗೆ ಬೇಕಾದ ದಪ್ಪ 2.5 ಮಿ.ಮೀ., ಇರುವ ದಪ್ಪ 6 ಮಿ.ಮೀ.; ಬುಡದಿಂದ 15 ಮಿ.ಮೀ. ಎತ್ತರದವರೆಗೆ ಎರಡೂ ಬದಿಯ ಹೆಚ್ಚುವರಿ ಲೋಹ: 105 ಚದರ ಮಿ.ಮೀ.
4. 6 ಮಿ.ಮೀ. ಅಳತೆಯ ಎರಡು ಮೂಲೆ ಬೆಸುಗೆಗಳು: 36 ಚದರ ಮಿ.ಮೀ.

ಒಟ್ಟು 441; ಕೊರತೆ 59 ಚದರ ಮಿ.ಮೀ. ಆದುದರಿಂದ ರಂಧ್ರದ ಸುತ್ತ ಬಲವರ್ಧಕ ಪ್ಯಾಡ್ ಅಥವಾ ದಪ್ಪನೆಯ ಕೊಳವೆ ಅವಶ್ಯ. ಕುಲುಮೆಯಲ್ಲಿ ಬಡಿದು ತಯಾರಿಸಿದ ‘ಟೀ’ ಬಳಸುವುದೂ ಉಂಟು. ಪ್ಯಾಡಿಗೆ ಸಣ್ಣ ತೂತು ಇರತಕ್ಕದ್ದು. ಬೆಸೆಯುವಾಗ ಒಳಗೆ ಸಿಲುಕಿದ ಅನಿಲ ಅದರ ಮೂಲಕ ಹೊರಹೋಗುತ್ತದೆ. ಮುಂದೆ ಒಳಬೆಸುಗೆ ಸೋರಿದರೆ ಅಲ್ಲಿಯೇ ಗೊತ್ತಾಗುತ್ತದೆ.

ಬೆಸುಗೆ:
ಬೆಸುಗೆಯು ಕೊಳವೆಯ ಪೂರ್ಣ ದಪ್ಪಕ್ಕೆ ಇಳಿದಿರಬೇಕು. ಹೊರಗಿನಿಂದ ನಯವಾಗಿ ಕಂಡರೂ ಬುಡದಲ್ಲಿ ಸೇರದ ಬೆಸುಗೆಯು ಬಿಸಿ-ತಂಪಿನ ಆವರ್ತನೆಯಿಂದ ಬಿರುಕು ಬಿಡುತ್ತದೆ. ಮಾಪಕ ಮತ್ತು ನೀರು ಬಸಿಯುವ ಸಣ್ಣ ಕವಲುಗಳು ಯಂತ್ರದ ಕಂಪನದಿಂದ ಮುರಿಯುವ ಸಂಭವವಿರುವುದರಿಂದ ಅವುಗಳಿಗೂ ಆಧಾರ ಒದಗಿಸತಕ್ಕದ್ದು.

ಮಾಲೀಕರು ಅನುಸರಿಸಬೇಕಾದ ಕ್ರಮ:
1. ಕವಲು ಸೇರಿಸುವುದು ಉಗಿಕೊಳವೆಗೆ ಮಾಡುವ ಸೇರ್ಪಡೆಯಾಗಿರುತ್ತದೆ. ಕೊಳವೆ ಕತ್ತರಿಸುವ ಮೊದಲೇ ವಿವರಗಳೊಡನೆ ಲಿಖಿತ ವರದಿಯನ್ನು ಬಾಯ್ಲರುಗಳ ಮುಖ್ಯ ನಿರೀಕ್ಷಕರಿಗೆ ಸಲ್ಲಿಸುವುದು.
2. ನಕ್ಷೆಯಲ್ಲಿ ಒತ್ತಡ, ಉಷ್ಣತೆ, ಕೊಳವೆಗಳ ಅಳತೆ, ಬೆಸುಗೆಯ ಅಡ್ಡಸೀಳು ಮತ್ತು ಮೇಲ್ಕಂಡಂತಹ ಲೆಕ್ಕವನ್ನು ತೋರಿಸುವುದು.
3. ಕೊಳವೆ ಮತ್ತು ಜೋಡಣಾ ಭಾಗಗಳ ತಯಾರಿಕಾ ಪ್ರಮಾಣಪತ್ರಗಳನ್ನು ಖರೀದಿಯ ಸಮಯದಲ್ಲಿಯೇ ಪಡೆಯುವುದು.
4. ಅರ್ಹತಾ ಪ್ರಮಾಣಪತ್ರವುಳ್ಳ ಬೆಸುಗೆಗಾರರಿಂದಲೇ ಕೆಲಸ ಮಾಡಿಸುವುದು.
5. ಜಲಪರೀಕ್ಷೆಯಾಗುವವರೆಗೆ ಬೆಸುಗೆಯ ಮೇಲೆ ಶಾಖರೋಧಕ ಹೊದಿಕೆ ಹಾಕದಿರುವುದು.

ವಿಶೇಷ ಸೂಚನೆ:
ಅತಿತಪ್ತ ಉಗಿಯ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಶಬ್ದ ಕೇಳಿಬಂದಲ್ಲಿ ಕೈಯಿಂದ ತಡವಿ ನೋಡದೆ ಸಿಬ್ಬಂದಿಯನ್ನು ದೂರ ಕಳುಹಿಸಿ ಕೊಳವೆಯ ಉಗಿಯನ್ನು ನಿಲ್ಲಿಸತಕ್ಕದ್ದು. ಉಗಿ ತುಂಬಿದ ಕೊಳವೆಗೆ ಬೆಸುಗೆ ಹಾಕಿ ಸೋರಿಕೆ ಮುಚ್ಚಲು ಯತ್ನಿಸಬಾರದು. ಬಾಯ್ಲರು ಅಥವಾ ಉಗಿಕೊಳವೆಗೆ ಅಪಘಾತ ಸಂಭವಿಸಿದಲ್ಲಿ 24 ಗಂಟೆಗಳೊಳಗಾಗಿ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸತಕ್ಕದ್ದು.

1923ರ ಭಾರತೀಯ ಬಾಯ್ಲರುಗಳ ಅಧಿನಿಯಮದ ಸ್ಥಾನದಲ್ಲಿ 2025ರ ಬಾಯ್ಲರುಗಳ ಅಧಿನಿಯಮವು ಜಾರಿಗೆ ಬಂದಿದೆ. ಹಂಗಾಮು ಆರಂಭವಾಗುವ ಹೊತ್ತಿಗೆ ಪರಿಶೀಲನೆ ಮುಗಿಯುವಂತೆ ಮಾಲೀಕರು ದುರಸ್ತಿ ಕಾಲದ ಮೊದಲ ವಾರಗಳಲ್ಲಿಯೇ ದಾಖಲೆಗಳನ್ನು ಸಲ್ಲಿಸಲು ಕೋರಲಾಗಿದೆ.